ಒಂದು ಕೋನ, ಮೂರು ಪಾಲು

ಪಾಯಕುಂಬು
೩ ಫೆಬ್ರವರಿ ೧೯೮೫

ಪ್ರೀತಿಯ ಎಲಿದಾರ್‌ಗೆ,

ನಿನ್ನ ಸೋದರಮಾವ ದಾತುಕ್ ಬಂದಾರೋ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ. ನಿನ್ನ ಅಮ್ಮ ಕೊಳದ ಮೀನುಗಳಿಗೆ ನಮಗಿಂತ ಚೆನ್ನಾಗಿ ಉಣಿಸುತ್ತಿದ್ದಾಳೆ. ಬಂಡುಂಗಿನ ಚಳಿಗೆ ನಿನ್ನ ಮೂಗು ಸೋರುತ್ತಿದೆಯೇ ಎಂದು ಕೇಳಲು ಹೇಳಿದ್ದಾಳೆ. ಕೇಳಿದ್ದೇನೆ. ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ.

ಹೋದ ಶುಕ್ರವಾರ ನಮಾಜು ಮುಗಿಸಿ ಕಾಫಿ ಅಂಗಡಿಯಲ್ಲಿ ಕೂತಿದ್ದೆವು. ಹಾಜಿ ತಾಹರ್ ಎಂದಿನಂತೆ ಹಳೆಯ ಪತ್ರಿಕೆ ಹಿಡಿದು, ಅದರಲ್ಲಿ ಬಂದದ್ದನ್ನೆಲ್ಲ ತಾನೇ ಕಂಡುಹಿಡಿದವನಂತೆ ಓದುತ್ತಿದ್ದ. ಒಂದು ಕಡೆ ನಿಲ್ಲಿಸಿ ನನ್ನತ್ತ ನೋಡಿದ.

"ಏನ್ ದಾತುಕ್, ಬರೀ ಕಂಪಾಸು, ಪಟ್ಟಿ ಹಿಡ್ಕೊಂಡು ಒಂದು ಕೋನನ ಮೂರು ಸಮಪಾಲು ಮಾಡೋಕೆ ಇದುವರೆಗೂ ಯಾರ ಕೈಲೂ ಆಗಿಲ್ವಂತೆ. ಜೀವಮಾನವಿಡೀ ಮಕ್ಕಳಿಗೆ ರೇಖಾಗಣಿತ ಹೇಳಿಕೊಟ್ರಿ. ನಿಮ್ಮ ಕೈಲಾದ್ರೂ ಆಗುತ್ತಾ?"

"ಈ ಕಾಫಿ ಆರೋದ್ರೊಳಗೆ ಆಗುತ್ತೆ" ಎಂದೆ.

ಆಯಿತು. ಡಾಮಿನೋ ಆಡುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ನೀನೂ ಬರೆದು ನೋಡು. ಕೋನದ ಮೂಲೆಯಿಂದ ಎರಡು ಕಡೆಗೂ ಒಂದೇ ಅಳತೆಯಲ್ಲಿ ಗುರುತು ಹಾಕು. ಎರಡು ಗುರುತುಗಳ ನಡುವೆ ನೇರ ಗೆರೆ ಎಳೆ. ಆ ಗೆರೆಯನ್ನು ಮೂರು ಸಮಪಾಲು ಮಾಡು, ಇದು ನಾನು ನಿನಗೆ ಚಿಕ್ಕಂದಿನಲ್ಲೇ ಕಲಿಸಿದ್ದು. ಪಾಲಿನ ಗುರುತುಗಳಿಂದ ಮೂಲೆಗೆ ಗೆರೆ ಎಳೆದುಬಿಡು. ಕೋನ ಮೂರಾಯಿತು! ಕೋನಮಾಪಕ ಇಟ್ಟು ನೋಡಿದೆವು, ಕೂದಲಷ್ಟೂ ವ್ಯತ್ಯಾಸವಿಲ್ಲ. ಹಾಜಿ ತನ್ನ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದ, ಆಮೇಲೆ ಪತ್ರಿಕೆ ಮಡಿಸಿಟ್ಟ.

ಚಿತ್ರವನ್ನು ಇದರೊಂದಿಗೆ ಕಳಿಸಿದ್ದೇನೆ. ನಿನ್ನ ಮೇಷ್ಟರಿಗೆ ತೋರಿಸು. ಆದರೆ ತೋರಿಸುವ ರೀತಿಯಲ್ಲಿ ತೋರಿಸು. ಜಾವಾಕ್ಕೆ ಹೋದ ಮೇಲೆ ನಮ್ಮ ನಾಲ್ಕು ಬಗೆಯ ಮಾತು ಮರೆತಿರಬಾರದು. ದೊಡ್ಡವರ ಹತ್ತಿರ ಹತ್ತುವ ಮಾತು, ಚಿಕ್ಕವರ ಹತ್ತಿರ ಇಳಿಯುವ ಮಾತು, ಸರೀಕರ ಹತ್ತಿರ ಸಮತಟ್ಟಿನ ಮಾತು, ಬೀಗರ ಹತ್ತಿರ ಓರೆ ಮಾತು. ಗುರುಗಳಿಗೆ ಎದುರಾಡಿದಳು ಮನೆತನದ ಹಿರಿಯ ದಾತುಕ್ ಬಂದಾರೋನ ತಂಗಿಯ ಮಗಳು ಎಂದು ಯಾರೂ ಹೇಳಬಾರದು.

ನಿನ್ನ ಮಾವ,
ದಾತುಕ್ ಬಂದಾರೋ


ಬಂಡುಂಗ್
೧೭ ಫೆಬ್ರವರಿ ೧೯೮೫

ಗೌರವಾನ್ವಿತ ದಾತುಕ್ ಮಾವನಿಗೆ ಎಲಿಯ ಸಲಾಮುಗಳು.

ತಮ್ಮ ಪತ್ರವೂ ಚಿತ್ರವೂ ತಲುಪಿದವು. ಚಿತ್ರ ಎಷ್ಟು ಅಂದವಾಗಿದೆ ಎಂದರೆ ನನ್ನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದೇನೆ. ತಮ್ಮ ಕೈಯ ಗೆರೆ ಈಗಲೂ ನಡುಗುವುದಿಲ್ಲವೆಂದು ಕಂಡು ಸಂತೋಷವಾಯಿತು. ನನ್ನ ಜೊತೆ ಕೋಣೆಯಲ್ಲಿರುವ ಬಟಾಕ್ ಜನಾಂಗದ ಹುಡುಗಿ ತಿಯುರ್ಮಾ ಕೂಡ ಅದನ್ನು ಬಹಳ ಹೊತ್ತು ನೋಡಿದಳು.

ಕಿರಿದಾದ ಕೋನಗಳಲ್ಲಿ ತಮ್ಮ ವಿಧಾನ ಬಹಳ ಹತ್ತಿರ ಬರುತ್ತದೆ. ಬಿಡುವಾದಾಗ ಮಾವ ಅಗಲವಾದ ಕೋನಗಳಲ್ಲೂ ಒಮ್ಮೆ ಬರೆದು ನೋಡಿದರೆ, ಅವುಗಳಿಗೂ ಅದೇ ಭಾಗ್ಯವಿದೆಯೋ ಏನೋ ತಿಳಿಯಬಹುದು. ಇದು ನನ್ನ ಸಣ್ಣ ಬುದ್ಧಿಗೆ ಹೊಳೆದದ್ದು, ತಪ್ಪಿದ್ದರೆ ಕ್ಷಮಿಸಬೇಕು.

ಇಲ್ಲಿ ಓದು ಸಾಗಿದೆ. ಗಣಿತ ಎಂದರೆ ಲೆಕ್ಕ ಎಂದುಕೊಂಡು ಬಂದಿದ್ದೆ. ಎರಡನೆಯ ವರ್ಷಕ್ಕೆ ಬಂದ ಮೇಲೆ ಅಂಕಿಗಳೇ ಕಾಣೆಯಾಗಿವೆ. ದಿನವಿಡೀ "ಯಾಕೆ?", "ಯಾವಾಗಲೂ ಹಾಗೆಯೇ?" ಎಂದು ಕೇಳುವುದೇ ಕೆಲಸ. ನಮ್ಮ ಮನೆಯೊಡತಿ ಇಮಾಸ್ ಅಮ್ಮನವರು ನನ್ನ ಪುಸ್ತಕ ತೆರೆದು ನೋಡಿ, "ಇದರಲ್ಲಿ ಗಣಿತ ಎಲ್ಲಿದೆ ಮಗು?" ಎಂದರು. ಅವರು ಊಟಕ್ಕೆ ದಿನವೂ ಹಸಿ ಎಲೆಗಳನ್ನೇ ಹಾಕುತ್ತಾರೆ. ಅಮ್ಮ ಕಟ್ಟಿಕೊಟ್ಟ ಮಾಂಸದ ರೆಂದಾಂಗ್ ಮುಗಿದು ಹೋಗಿದೆ ಎಂಬುದನ್ನು ಅಮ್ಮನಿಗೆ ತಿಳಿಸಬೇಕಾಗಿ ಕೋರಿಕೆ.

ಪರೀಕ್ಷೆಗಳು ಮುಗಿದವು. ಐದು ವಿಷಯಗಳಲ್ಲಿ ಚೆನ್ನಾಗಿ ಬಂದಿದೆ. ಆರನೆಯದರ ಬಗ್ಗೆ ಮುಂದೆ ಬರೆಯುತ್ತೇನೆ.

ತಮ್ಮ ವಿಧೇಯ,
ಎಲಿ


ಪಾಯಕುಂಬು
೬ ಮಾರ್ಚ್ ೧೯೮೫

ಪ್ರೀತಿಯ ಎಲಿಗೆ,

ನಿನ್ನ ಪತ್ರವನ್ನು ಕಾಫಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಸಿದೆ. "ಗೋಡೆಗೆ ಅಂಟಿಸಿಕೊಂಡಿದ್ದೇನೆ" ಎಂಬಲ್ಲಿಗೆ ಬಂದಾಗ ಹಾಜಿ ತಾಹರನ ಮುಖ ನೋಡಬೇಕಿತ್ತು ನೀನು. ಬಂಡುಂಗಿನ ವಿಶ್ವವಿದ್ಯಾಲಯದ ಗೋಡೆಯೇ ಎಂದು ಯಾರೋ ಕೇಳಿದರು. ನಾನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಅಗಲವಾದ ಕೋನಗಳ ಮಾತು ಬರೆದಿದ್ದೀಯೆ. ನಿನ್ನ ವಿನಯ ಮೆಚ್ಚಿದೆ. ಆದರೆ ಮಗು, ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಹಂಡೆಯನ್ನೇ ಬಗ್ಗಿಸಬೇಕಾಗಿಲ್ಲ. ನಾನು ಹಲವು ಅಗುಳು ಹಿಸುಕಿ ನೋಡಿದ್ದೇನೆ, ಎಲ್ಲ ಬೆಂದಿವೆ.

ಆರನೆಯ ವಿಷಯದ ಫಲಿತಾಂಶ ಯಾಕೆ ತಡವಾಗಿದೆ ಎಂದು ನನಗೆ ಅರ್ಥವಾಗುತ್ತದೆ. ಬಹಳ ಚೆನ್ನಾಗಿ ಬರೆದವರದನ್ನು ಎರಡೆರಡು ಸಲ ನೋಡುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆ. ನಿನ್ನ ಅಮ್ಮನಿಗೂ ಹೀಗೆಯೇ ಹೇಳಿದೆ, ಅವಳು ಸಂತೋಷದಿಂದ ಒಂದು ಕೋಳಿ ಕೊಯ್ದಳು. ರೆಂದಾಂಗ್ ಬಸ್ಸಿನಲ್ಲಿ ಹೊರಟಿದೆ.

ಈಗ ದೊಡ್ಡ ಸುದ್ದಿ. ನಮ್ಮ ಮಿಡ್ಲ್ ಸ್ಕೂಲಿಗೆ ಹೊಸ ಹೆಬ್ಬಾಗಿಲು ಕಟ್ಟುತ್ತಿದ್ದಾರೆ, ಮೇಲೆ ನಮ್ಮ ಮನೆಗಳ ಹಾಗೆ ಕೋಣದ ಕೊಂಬಿನಂತೆ ಬಾಗಿದ ಮಾಡು. ಆ ಮಾಡಿನ ಕೆಳಗಿನ ಅಗಲವಾದ ಜಾಗದಲ್ಲಿ ಏನು ಹಾಕುವುದೆಂದು ಸಮಿತಿಯಲ್ಲಿ ಚರ್ಚೆ ಬಂತು. ಒಬ್ಬರು ಕೋಣದ ತಲೆ ಎಂದರು, ಇನ್ನೊಬ್ಬರು ಹೂಬಳ್ಳಿ ಎಂದರು. ಕೊನೆಗೆ ನನ್ನ ಕೋನವನ್ನೇ ಸಿಮೆಂಟಿನಲ್ಲಿ ಮಾಡಿಸುವುದೆಂದು ತೀರ್ಮಾನವಾಯಿತು. ಕೆಳಗೆ ನನ್ನ ಹೆಸರೂ ಇರುತ್ತದೆ. ನಾನು ಬೇಡವೆಂದೆ. ಎರಡನೆಯ ಸಲ ಬೇಡವೆನ್ನಲಿಲ್ಲ. ಮೇ ಎರಡನೆಯ ತಾರೀಕು ಶಿಕ್ಷಣ ದಿನ, ಅಂದೇ ಉದ್ಘಾಟನೆ. ಜಿಲ್ಲೆಯ ಅಧಿಕಾರಿಯೂ ಬರುತ್ತಾರೆ.

ನಿನ್ನ ಮೇಷ್ಟರು ಏನೆಂದರು? ಅದನ್ನೇ ಬರೆದಿಲ್ಲ ನೀನು.

ಮಾವ


ಬಂಡುಂಗ್
೧೯ ಮಾರ್ಚ್ ೧೯೮೫

ಗೌರವಾನ್ವಿತ ದಾತುಕ್ ಮಾವನಿಗೆ ಸಲಾಮುಗಳು.

ರೆಂದಾಂಗ್ ಬಂತು. ತಿಯುರ್ಮಾ ಅರ್ಧ ತಿಂದಳು, ನಾನು ಅರ್ಧ ತಿಂದೆ, ಇಮಾಸ್ ಅಮ್ಮನವರು ಪರಿಮಳ ತಿಂದರು.

ಮೇಷ್ಟರು ಸುಹರ್ಜಾ, ನಾವೆಲ್ಲ ಗೌರವದಿಂದ ಪಾಕ್ ಎನ್ನುವವರು, ಈಗ ಬಹಳ ಕೆಲಸದಲ್ಲಿದ್ದಾರೆ, ತೋರಿಸಲು ಸಮಯ ಕೂಡಿ ಬಂದಿಲ್ಲ. ಹೆಬ್ಬಾಗಿಲಿನ ಕೆಲಸಕ್ಕೆ ಅಷ್ಟು ಆತುರ ಬೇಕೇ ಎಂದು ನನಗೆ ಅನಿಸಿತು. ಸಿಮೆಂಟಿನ ಕೆಲಸ ನಿಧಾನವಾಗಿ ಮಾಡಿದಷ್ಟೂ ಬಾಳಿಕೆ ಬರುತ್ತದೆ ಎನ್ನುತ್ತಾರೆ. ಹೂಬಳ್ಳಿಯೂ ಅಂದವಾಗಿಯೇ ಇರುತ್ತದೆ.

ತಮ್ಮ ವಿಧೇಯ,
ಎಲಿ


ಪಾಯಕುಂಬು
೩೧ ಮಾರ್ಚ್ ೧೯೮೫

ಎಲಿ,

ನಿನ್ನ ಪತ್ರ ಇಷ್ಟು ಚಿಕ್ಕದಾಗಿ ಬಂದಾಗಲೇ ನನಗೆ ಎಲ್ಲ ತಿಳಿಯಿತು. ನೀನು ಹೇಳಲಾರದೆ ಒದ್ದಾಡುತ್ತಿದ್ದೀಯೆ. ನಿನ್ನ ಮೇಷ್ಟರು ನನ್ನ ಚಿತ್ರ ನೋಡಿದ್ದಾರೆ. ನೋಡಿ, ಬೀರುವಿನಲ್ಲಿ ಇಟ್ಟು ಬೀಗ ಹಾಕಿಕೊಂಡಿದ್ದಾರೆ. ಒಂದು ದಿನ ಅದು ಅವರ ಹೆಸರಿನಲ್ಲಿ ಅಚ್ಚಾಗಿ ಬರುತ್ತದೆ. ಹಳ್ಳಿಯ ಮೇಷ್ಟ್ರು ಕಂಡುಹಿಡಿದದ್ದು ಎಂದರೆ ದೊಡ್ಡ ಊರಿನವರಿಗೆ ಗಂಟಲಲ್ಲಿ ಇಳಿಯುವುದಿಲ್ಲ. ನೀನು ಹೆದರಬೇಡ, ಉದ್ಘಾಟನೆ ಮುಗಿದ ಕೂಡಲೇ ನಾನೇ ಬಂಡುಂಗಿಗೆ ಬಂದು ಅವರ ಎದುರು ಕೂತು ಮಾತಾಡುತ್ತೇನೆ.

ಹೆಬ್ಬಾಗಿಲಿನ ಕೆಲಸ ಜೋರಾಗಿ ನಡೆದಿದೆ. ಜಾಗ ಅಗಲವಾಗಿರುವುದರಿಂದ ಕೋನವನ್ನೂ ಬೀಸಣಿಗೆ ಬಿಚ್ಚಿದ ಹಾಗೆ ಅಗಲವಾಗಿಯೇ ಮಾಡಿಸಿದೆ, ನಿನ್ನ ಆಸೆಯೂ ತೀರಿದಂತಾಯಿತು. ಹಾಜಿ ತಾಹರ್ ದಿನವೂ ಬಂದು ಕೆಳಗೆ ನಿಂತು ನೋಡುತ್ತಾನೆ. ನಿನ್ನೆ ಎಲ್ಲರ ಎದುರು ಏನೆಂದ ಗೊತ್ತೇ?

"ದಾತುಕ್, ಈ ನಡುವಿನ ಪಾಲು ಅಳಿಯನಿಗೆ ಬಡಿಸಿದ ಹಾಗೆ ದೊಡ್ಡದಾಗಿದೆಯಲ್ಲ!"

"ನಿನ್ನ ಕಣ್ಣಿಗೆ ಪೊರೆ ಬಂದಿದೆ ಕಣಯ್ಯ, ಪೇಟೆಗೆ ಹೋಗಿ ತೋರಿಸ್ಕೊ" ಎಂದೆ.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಎಲ್ಲರೂ ನಕ್ಕರು.

ಮಾವ


ಬಂಡುಂಗ್
೧೦ ಏಪ್ರಿಲ್ ೧೯೮೫

ದಾತುಕ್ ಮಾವನಿಗೆ,

ಈ ಪತ್ರವನ್ನು ಬರೆದು ಹರಿದು, ಬರೆದು ಹರಿದು, ಈಗ ಹರಿಯದೆ ಕಳಿಸುತ್ತಿದ್ದೇನೆ.

ಹಾಜಿ ತಾಹರ್ ಅವರ ಕಣ್ಣು ಸರಿಯಾಗಿದೆ. ನಡುವಿನ ಪಾಲು ದೊಡ್ಡದು. ನಿಮ್ಮ ವಿಧಾನ ತಪ್ಪು.

ಯಾಕೆಂದೂ ಬರೆಯುತ್ತೇನೆ. ನೂರಿಪ್ಪತ್ತು ಡಿಗ್ರಿಯ ಕೋನ ತೆಗೆದುಕೊಂಡು ನಿಮ್ಮ ವಿಧಾನದಲ್ಲಿ ಭಾಗ ಮಾಡಿ. ಅಕ್ಕಪಕ್ಕದ ಪಾಲುಗಳು ಮೂವತ್ತು, ಮೂವತ್ತು. ನಡುವಿನದು ಅರವತ್ತು. ಎರಡರಷ್ಟು! ಗೆರೆಯ ನಡುಭಾಗ ಮೂಲೆಗೆ ಹತ್ತಿರ, ಕೊನೆಗಳು ದೂರ. ಒಂದೇ ಉದ್ದದ ಕೋಲು ಹತ್ತಿರವಿದ್ದರೆ ಕಣ್ಣಿಗೆ ಅಗಲವಾಗಿ ಕಾಣುತ್ತದೆ, ದೂರವಿದ್ದರೆ ಕಿರಿದಾಗಿ ಕಾಣುತ್ತದೆ. ಇಷ್ಟೇ ವಿಷಯ. ಕೋನ ಕಿರಿದಾಗಿದ್ದರೆ ಈ ವ್ಯತ್ಯಾಸ ಸೀಮೆಸುಣ್ಣದ ಗೆರೆಯ ದಪ್ಪದಲ್ಲೇ ಮುಚ್ಚಿಹೋಗುತ್ತದೆ. ಗಣಿತದ ಹಂಡೆಯಲ್ಲಿ ಒಂದು ಅಗುಳು ಬೆಂದರೆ ಪಕ್ಕದ್ದು ಬೆಂದಿದೆ ಎಂದು ಹೇಳಲು ಬರುವುದಿಲ್ಲ ಮಾವ. ಕಂಪಾಸು ಮತ್ತು ಪಟ್ಟಿಯಿಂದ ಯಾವ ಕೋನವನ್ನೂ ಮೂರು ಸಮಪಾಲು ಮಾಡಲು ಆಗುವುದೇ ಇಲ್ಲ ಎಂದು ಎಂದೋ ಸಾಧಿಸಿ ತೋರಿಸಿದ್ದಾರೆ.

ಪಾಕ್ ಸುಹರ್ಜಾ ನಿಮ್ಮ ಚಿತ್ರವನ್ನು ನೋಡಿಯೇ ಇಲ್ಲ. ನಾನು ತೋರಿಸಲಿಲ್ಲ. ಅವರಿಗೆ ಕೆಲಸವಿತ್ತು ಎಂದದ್ದು ಸುಳ್ಳು. ಅವರನ್ನು ಕಳ್ಳ ಎನ್ನಬೇಡಿ.

ಇನ್ನೊಂದು. ಆರನೆಯ ವಿಷಯದಲ್ಲಿ ನಾನು ಫೇಲಾಗಿದ್ದೇನೆ. ಬರವಣಿಗೆಯಲ್ಲಿ ಅಲ್ಲ, ಮೌಖಿಕ ಪರೀಕ್ಷೆಯಲ್ಲಿ. ಒಬ್ಬೊಬ್ಬರನ್ನೇ ಕರೆದು ಹಲಗೆಯ ಹತ್ತಿರ ನಿಲ್ಲಿಸುತ್ತಾರೆ. ನನ್ನ ಸರದಿಯಲ್ಲಿ ಪಾಕ್ ಸುಹರ್ಜಾ ಕೇಳಿದರು:

"ಒಬ್ಬ ಮನುಷ್ಯ ಒಂದೇ ದಿಕ್ಕಿಗೆ ನಡೀತಿದಾನೆ. ಪ್ರತಿ ಹೆಜ್ಜೆನೂ ಹಿಂದಿನದಕ್ಕಿಂತ ಚಿಕ್ಕದು. ಬರ್ತಾ ಬರ್ತಾ ಹೆಜ್ಜೆ ಇಲ್ಲವೇ ಇಲ್ಲ ಅನ್ನೋಷ್ಟು ಚಿಕ್ಕದಾಗುತ್ತೆ. ಹಾಗಾದ್ರೆ ಅವನು ದಾಟೋಕಾಗದ ಒಂದು ಗಡಿ ಇರಲೇಬೇಕು, ಅಲ್ವಾ?"

ಅಲ್ಲ. ಮೊದಲು ಒಂದು ಗಜ, ಆಮೇಲೆ ಅರ್ಧ ಗಜ, ಆಮೇಲೆ ಗಜದ ಮೂರನೇ ಒಂದು, ನಾಲ್ಕನೇ ಒಂದು, ಹೀಗೆ ನಡೆದವನು ನಿಧಾನವಾಗಿಯಾದರೂ ಪಾಯಕುಂಬುವನ್ನೂ ದಾಟುತ್ತಾನೆ, ಮೆಕ್ಕಾವನ್ನೂ ದಾಟುತ್ತಾನೆ. ನನಗೆ ಗೊತ್ತಿತ್ತು. ಆದರೆ ಅವರು ನರೆತ ತಲೆಯವರು, ಗುರುಗಳು, ಅವರೇ "ಅಲ್ವಾ?" ಎಂದು ಕೇಳುತ್ತಿದ್ದಾರೆ.

"ಪಾಕ್ ಹೇಳಿದ ಮೇಲೆ ಇರಬಹುದು. ಕೆಲವು ಸಂದರ್ಭದಲ್ಲಿ ಸ್ವಲ್ಪ ನೋಡಬೇಕಾಗುತ್ತೋ ಏನೋ" ಎಂದೆ.

"ಇದೆಯೋ, ಇಲ್ಲವೋ?"

"ಪಾಕ್‌ಗೆ ನನಗಿಂತ ಹೆಚ್ಚು ಗೊತ್ತು."

ಅವರು ಪೆನ್ನಿನ ಮುಚ್ಚಳ ಹಾಕಿದರು. "ನಿನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದೂ ಯಾಕೆ ಹೇಳಲಿಲ್ಲ?" ಎಂದು ಕೇಳಿದರು. ಅದಕ್ಕೂ ನಾನು ನೆಲ ನೋಡಿದೆ.

ತಿಯುರ್ಮಾಳಿಗೂ ಅಂಥದ್ದೇ ಪ್ರಶ್ನೆ ಬಿದ್ದಿತ್ತು. ಅವಳು "ತಪ್ಪು ಪಾಕ್!" ಎಂದು ಕಿರುಚಿದ್ದು ಹೊರಗೆ ಕೂತಿದ್ದ ನಮಗೆಲ್ಲ ಕೇಳಿಸಿತು. ಪಾಸಾದಳು. ನಾನು ಕೋಣೆಗೆ ಬಂದು ಅತ್ತಾಗ ಅವಳು ಸಮಾಧಾನ ಮಾಡಿದ್ದು ಹೀಗೆ: "ನಿಮ್ಮ ಊರವ್ರು ಮನೆಗೆ ಬೆಂಕಿ ಬಿದ್ರೂ 'ಇವತ್ತು ಸ್ವಲ್ಪ ಸೆಕೆ ಅನ್ಸುತ್ತೆ' ಅಂತೀರಲ್ಲೇ! ನಮ್ಮಲ್ಲಾದ್ರೆ ಒಲೆ ಹಚ್ಚೋಕೂ ಬೆಂಕಿ ಬೆಂಕಿ ಅಂತ ಕೂಗ್ತೀವಿ."

ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ಅದರಲ್ಲೂ ಹೋದರೆ ನನ್ನನ್ನು ಗಣಿತ ವಿಭಾಗದಿಂದ ತೆಗೆಯುತ್ತಾರೆ, ಊರಿಗೆ ಮರಳಬೇಕು. ದಿನವೂ ಕನ್ನಡಿಯ ಮುಂದೆ ನಿಂತು "ತಪ್ಪು ಪಾಕ್" ಎಂದು ಹೇಳಿ ಅಭ್ಯಾಸ ಮಾಡುತ್ತೇನೆ. ಆ ಮಾತು ಬರುವುದಿಲ್ಲ, "ಇರಬಹುದು ಪಾಕ್" ಎಂಬುದೇ ಬರುತ್ತದೆ. ಯಾಕೆ ಬರುವುದಿಲ್ಲ ಎಂದು ಮೊನ್ನೆ ಗೊತ್ತಾಯಿತು. ನಿಮಗೆ ಹೇಳಲಾಗದವಳು ಅವರಿಗೆ ಹೇಗೆ ಹೇಳುತ್ತೇನೆ?

ನನ್ನ ಕೈಗೆ ಮೊದಲ ಕಂಪಾಸು ಕೊಟ್ಟವರು ನೀವು. ಹುಡುಗಿಗೆ ಗಣಿತ ಯಾಕೆ, ದಾದಿಯ ಕೆಲಸ ಕಲಿಯಲಿ ಎಂದು ಮನೆತನದ ಕೂಟದಲ್ಲಿ ಎಲ್ಲರೂ ಹೇಳಿದಾಗ ಎದ್ದು ನಿಂತವರು ನೀವೊಬ್ಬರೇ. ಅಂಥ ನಿಮ್ಮ ಹೆಸರು ತಪ್ಪು ಚಿತ್ರದ ಕೆಳಗೆ ಸಿಮೆಂಟಿನಲ್ಲಿ ಉಳಿಯುವುದನ್ನು ನಾನು ನೋಡಲಾರೆ. ಅದಕ್ಕೇ ಹೇಳಿದೆ. ಸಿಟ್ಟು ಬಂದರೆ ಬೈಯಿರಿ, ಆದರೆ ಬೈದು ಬರೆಯಿರಿ.

ಎಲಿ


ಬಂಡುಂಗ್
೨೬ ಏಪ್ರಿಲ್ ೧೯೮೫

ದಾತುಕ್ ಮಾವನಿಗೆ,

ಅಂಚೆಯವನು ದಿನವೂ ಬರುತ್ತಾನೆ. ತಿಯುರ್ಮಾಳಿಗೆ ಅವಳ ಐದು ಜನ ಅಣ್ಣಂದಿರಿಂದಲೂ ಪತ್ರ ಬಂತು, ನನಗೆ ನಿಮ್ಮದೊಂದು ಬರಲಿಲ್ಲ. "ನಿಮ್ಮ ಮಾವ ನಿನ್ನ ಕೈಬಿಟ್ರು ಅಂದ್ಕೋ, ನಮ್ಮಣ್ಣಂದಿರಲ್ಲಿ ಒಬ್ಬನ್ನ ಕೊಡ್ತೀನಿ" ಎಂದು ಅವಳು ತಮಾಷೆ ಮಾಡಿದಳು. ನಗು ಬರಲಿಲ್ಲ.

ಸೋಮವಾರ ಪರೀಕ್ಷೆ. ನಾನು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಮಾವ, ಅದು ಸರಿ ಇದೆ. ನಿಮಗೆ ನೋವಾದದ್ದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ.

ಎಲಿ


ಪಾಯಕುಂಬು
೨೮ ಏಪ್ರಿಲ್ ೧೯೮೫

ಎಲಿ,

ನಿನ್ನ ಪತ್ರ ಬಂದ ದಿನ ನಾನು ಅದನ್ನು ಅರ್ಧ ಓದಿ ಮಡಿಸಿಟ್ಟೆ. ಮೊಣಕೈ ಎತ್ತರದ ಹುಡುಗಿ ನನಗೆ ತಪ್ಪು ಎನ್ನುತ್ತಾಳಲ್ಲ ಎಂದು ಮೈ ಉರಿಯಿತು. ನಿನ್ನ ಅಮ್ಮನ ಮೇಲೆ ಕೂಗಾಡಿದೆ, ಅವಳು "ಅಣ್ಣ, ಮೀನಿಗೆ ಹೊತ್ತಾಯಿತು" ಎಂದು ಎದ್ದು ಹೋದಳು.

ಮರುದಿನ ಬೆಳಗಿನ ನಮಾಜು ಮುಗಿಸಿ, ಯಾರೂ ಏಳುವ ಮೊದಲು, ಸ್ಕೂಲಿನ ದೊಡ್ಡ ಮರದ ಕೋನಮಾಪಕ ಹೊತ್ತು ಹೆಬ್ಬಾಗಿಲಿಗೆ ಏಣಿ ಹಾಕಿ ಹತ್ತಿದೆ. ಈ ವಯಸ್ಸಿನಲ್ಲಿ! ಮೂವತ್ತು. ಅರವತ್ತು. ಮೂವತ್ತು. ಕೋನಮಾಪಕ ತಿರುಗಿಸಿ ಇಟ್ಟೆ, ಕನ್ನಡಕ ತೆಗೆದು ನೋಡಿದೆ, ಹಾಕಿಕೊಂಡು ನೋಡಿದೆ. ಅಲ್ಲಾಹು ಇಟ್ಟಂತೆ ಇತ್ತು. ಏಣಿಯ ಮೇಲೆಯೇ ಸ್ವಲ್ಪ ಹೊತ್ತು ಕೂತುಬಿಟ್ಟೆ. ನಾನು ಇಷ್ಟು ದಿನ ಹಿಸುಕಿದ್ದೆಲ್ಲ ಹಂಡೆಯ ಒಂದೇ ಮೂಲೆಯ ಅಗುಳುಗಳು.

ಅಂದಿನಿಂದ ನೆಗಡಿ ಎಂದು ಹೇಳಿ ಕಾಫಿ ಅಂಗಡಿಗೆ ಹೋಗಿಲ್ಲ. ಹಾಜಿ ತಾಹರ್ ನನಗೆ ಶುಂಠಿ ಕಳಿಸಿದ್ದಾನೆ. ಅವನು ಒಳ್ಳೆಯವನಾಗಿ ನಡೆದುಕೊಂಡಷ್ಟೂ ನನಗೆ ಸಂಕಟ ಹೆಚ್ಚಾಗುತ್ತದೆ. ಮೇಸ್ತ್ರಿಯನ್ನು ಗುಟ್ಟಾಗಿ ಕೇಳಿದೆ. ಚಿತ್ರವನ್ನು ಕಿತ್ತರೆ ತೊಲೆಯೇ ಬಿರುಕು ಬಿಡುತ್ತದೆಯಂತೆ. ಉದ್ಘಾಟನೆಗೆ ಇನ್ನು ನಾಲ್ಕೇ ದಿನ. ಎಲ್ಲರ ಎದುರು ನಾನೇ ಹೇಳಬೇಕು ಎಂದುಕೊಂಡಿದ್ದೇನೆ. ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ.

ಮಲಗಿ ಮಲಗಿ ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಈಗ ಕೇಳು. ನಿನ್ನ ಪತ್ರದಲ್ಲಿ ಒಂದು ತಪ್ಪಿದೆ.

"ಯಾವ ಕೋನವನ್ನೂ" ಮೂರು ಸಮಪಾಲು ಮಾಡಲಾಗದು ಎಂದು ಬರೆದಿದ್ದೀಯೆ. ತಪ್ಪು! ಲಂಬಕೋನವನ್ನು ಮಾಡಬಹುದು. ಲಂಬಕೋನದ ಒಂದು ಗೆರೆಯ ಮೇಲೆ, ಅದೇ ಮೂಲೆಯಿಂದ, ಮೂರು ಬದಿಯೂ ಸಮನಾದ ತ್ರಿಕೋನ ಬರೆ. ಅದರ ಮೂಲೆ ಅರವತ್ತು. ತೊಂಬತ್ತರಲ್ಲಿ ಅರವತ್ತು ಹೋದರೆ ಉಳಿದದ್ದು ಮೂವತ್ತು. ಆ ಅರವತ್ತನ್ನು ಎರಡು ಮಾಡು. ಮೂವತ್ತು, ಮೂವತ್ತು, ಮೂವತ್ತು. ಬರೀ ಕಂಪಾಸು, ಪಟ್ಟಿ! ಇದನ್ನು ಏಳನೇ ಕ್ಲಾಸಿನಲ್ಲಿ ನಾನೇ ನಿನಗೆ ಕಲಿಸಿದ್ದೆ. ಎಲ್ಲ ಕೋನಗಳಿಗೂ ಹೊಂದುವ ಒಂದೇ ವಿಧಾನ ಇಲ್ಲ ಎಂದು ಬರೆಯಬೇಕಿತ್ತು. ಕೆಲವು ಕೋನಗಳಿಗೆ ಆಗುತ್ತದೆ, ಕೆಲವಕ್ಕೆ ಆಗುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಓದುವವಳು ಅಷ್ಟು ಎಚ್ಚರ ಬೇಡವೇ?

ಇದು ಹೊಳೆದ ಕೂಡಲೇ ನನ್ನ ನೆಗಡಿ ಬಿಟ್ಟುಹೋಯಿತು. ಎದ್ದು ಎರಡು ತಟ್ಟೆ ಅನ್ನ ಉಂಡೆ.

ನಾಳೆ ನಿನ್ನ ಪರೀಕ್ಷೆ. ಈ ಪತ್ರ ಅದಕ್ಕೆ ಮೊದಲು ನಿನ್ನ ಕೈ ಸೇರುವುದಿಲ್ಲ. ಬೇಗ ಬರೆಯದೆ ಹೋದೆನಲ್ಲ ಎಂದು ಮನಸ್ಸು ಚುಚ್ಚುತ್ತಿದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಮಗು.

ಮಾವ


ಬಂಡುಂಗ್
೯ ಮೇ ೧೯೮೫

ಪ್ರೀತಿಯ ದಾತುಕ್ ಮಾವನಿಗೆ,

ಪಾಸು!

ಮೊದಲು ಅದನ್ನು ಅಮ್ಮನಿಗೆ ಕೂಗಿ ಹೇಳಿ, ಆಮೇಲೆ ಮುಂದೆ ಓದಿ.

ಅಂದು ಹಲಗೆಯ ಮುಂದೆ ನಿಂತಾಗ ನಿಮ್ಮ ಪತ್ರ ಬಂದಿರಲಿಲ್ಲ. ಇನ್ನು ಕಳೆದುಕೊಳ್ಳುವುದು ಏನೂ ಉಳಿದಿಲ್ಲ ಎಂಬ ಧೈರ್ಯವೇ ಇತ್ತು. ಪಾಕ್ ಸುಹರ್ಜಾ ಹೇಳಿದರು: "ಒಬ್ಬ ಮುಂದಕ್ಕೇ ನಡೀತಾನೆ, ಹಿಂದಕ್ಕೆ ಹೆಜ್ಜೆ ಇಡೋದೇ ಇಲ್ಲ. ಎದುರಿಗೊಂದು ಗೋಡೆ ಇದೆ, ಅದನ್ನ ಎಂದೂ ದಾಟೋದಿಲ್ಲ. ಹಾಗಾದ್ರೆ ಅವನು ಯಾವುದೋ ಒಂದು ಜಾಗಕ್ಕೆ ಹತ್ತಿರ ಹತ್ತಿರ ಹೋಗಿ ಅಲ್ಲೇ ನೆಲೆಯಾಗ್ತಾನೆ. ಸರಿಯೋ, ತಪ್ಪೋ?"

ಮಾವ, ನನ್ನ ನಾಲಿಗೆಯ ತುದಿಗೆ "ತಪ್ಪು ಪಾಕ್" ಬಂದುಬಿಟ್ಟಿತ್ತು. ಅಷ್ಟು ಅಭ್ಯಾಸ ಮಾಡಿದ್ದೆ. ಕಚ್ಚಿ ಹಿಡಿದೆ. ಯೋಚಿಸಿದೆ. ಇದು ನಿಜವಾಗಿಯೂ ಸರಿಯಾಗಿತ್ತು.

"ಸರಿ ಪಾಕ್."

"ನನಗೆ ತಪ್ಪು ಅನ್ಸುತ್ತಲ್ಲ."

"ಸರಿಯಾಗಿಯೇ ಇದೆ ಪಾಕ್."

"ನಾನು ಎಷ್ಟು ವರ್ಷದಿಂದ ಪಾಠ ಮಾಡ್ತಿದೀನಿ ಗೊತ್ತಾ ನಿನಗೆ?"

"ಗೊತ್ತು ಪಾಕ್. ಆದ್ರೂ ಸರಿ. ಯಾಕೆ ಅಂತ ಹಲಗೆ ಮೇಲೆ ತೋರಿಸ್ತೀನಿ, ಡಸ್ಟರ್ ಕೊಡಿ."

ಗುರುಗಳ ಕೈಯಿಂದ ಡಸ್ಟರ್ ಕೇಳಿ ಇಸಿದುಕೊಂಡೆ! ಅವರು ಬರೆದದ್ದನ್ನು ಒರೆಸಿ, ಮೊದಲಿನಿಂದ ಕೊನೆಯವರೆಗೆ ಸಾಧಿಸಿದೆ. ತಿರುಗಿ ನೋಡಿದರೆ ಅವರು ಕುರ್ಚಿಗೆ ಒರಗಿ ನಗುತ್ತಿದ್ದರು. "ಜನವರಿಯಲ್ಲಿ ಬಂದಿದ್ದ ಹುಡುಗಿ ಎಲ್ಲಮ್ಮಾ?" ಎಂದು ಕೇಳಿದರು. ಹೊರಗೆ ಬಂದಾಗ ತಿಯುರ್ಮಾ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ನಾನು ಊರು ಬಿಟ್ಟ ಮೇಲೆ ಅಷ್ಟು ಜೋರಾಗಿ ನಕ್ಕಿದ್ದೇ ಇಲ್ಲ.

ನಿಮ್ಮ ಪತ್ರ ಮೊನ್ನೆ ಬಂತು. ಒಡೆಯಲು ಹೆದರಿಕೆಯಾಗಿ ತಿಯುರ್ಮಾಳ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದುತ್ತಾ "ತಪ್ಪು!" ಎಂಬಲ್ಲಿಗೆ ಬಂದು ಹಾರಿಬಿದ್ದಳು. "ಲೇ, ನಿಮ್ಮ ಮಾವ ನಮ್ಮ ಪೈಕಿ ಕಣೇ! ಬಟಾಕ್ ಅವ್ರು!"

ನೀವು ಹೇಳಿದ್ದು ಸರಿ. ಲಂಬಕೋನ ನನಗೆ ಮರೆತೇ ಹೋಗಿತ್ತು. ನಾನು ಬರೆದದ್ದು ತಪ್ಪು. ನಾಚಿಕೆಯಾಗಬೇಕಿತ್ತು, ಆದರೆ ಆ ಭಾಗವನ್ನು ಓದಿ ಓದಿ ಅತ್ತೆ, ಸಂತೋಷಕ್ಕೆ.

ಹೆಬ್ಬಾಗಿಲು ಏನಾಯಿತು? ಉದ್ಘಾಟನೆ ಆಗಿ ವಾರವಾಯಿತು. ಯಾರೂ ಬರೆಯುತ್ತಿಲ್ಲ. ಅಮ್ಮನ ಪತ್ರದಲ್ಲಿ ಮೀನಿನ ಸುದ್ದಿ ಬಿಟ್ಟರೆ ಬೇರೇನಿಲ್ಲ.

ಎಲಿ


ಪಾಯಕುಂಬು
೧೮ ಮೇ ೧೯೮೫

ಪ್ರೀತಿಯ ಎಲಿಗೆ,

ನಿನ್ನ ಪತ್ರ ಕೈಗೆ ಬಂದಾಗ ನಿನ್ನ ಅಮ್ಮ ಮೊಣಕಾಲವರೆಗೆ ಕೊಳದಲ್ಲಿ ನಿಂತಿದ್ದಳು. ದಡದಿಂದಲೇ ಕೂಗಿ ಹೇಳಿದೆ. ಅವಳು ಕೈಯಲ್ಲಿದ್ದ ಮೀನಿನ ಬುಟ್ಟಿಯನ್ನೇ ನೀರಿಗೆ ಬಿಟ್ಟಳು. ಅಂದು ನಮ್ಮ ಮನೆಯಲ್ಲಿ ಮೀನಿಲ್ಲದೆ ಹಬ್ಬವಾಯಿತು.

ಹೆಬ್ಬಾಗಿಲಿನ ಕಥೆಯನ್ನು ನಾನೇ ಹೇಳಬೇಕೆಂದು ಯಾರಿಗೂ ಬರೆಯಲು ಬಿಡಲಿಲ್ಲ. ಎರಡನೆಯ ತಾರೀಕು ಊರೆಲ್ಲ ಸೇರಿತ್ತು. ಚಿತ್ರಕ್ಕೆ ಬಟ್ಟೆ ಮುಚ್ಚಿದ್ದರು. ಬಟ್ಟೆ ಸರಿಯುವ ಮೊದಲೇ ಎದ್ದು ಹೇಳಿಬಿಡಬೇಕೆಂದು ಮಾತುಗಳನ್ನೆಲ್ಲ ಜೋಡಿಸಿಕೊಂಡು ಹೋಗಿದ್ದೆ. ಆದರೆ ಎಲಿ, ನಾನು ಏಳಲಿಲ್ಲ. ನಿನ್ನನ್ನು ಹಲಗೆಯ ಮುಂದೆ ಮೂಗಿಯನ್ನಾಗಿ ಮಾಡಿದ್ದು ಏನೆಂದು ಆಗ ನನಗೆ ತಿಳಿಯಿತು. ಅದನ್ನು ನಿನಗೆ ಕಲಿಸಿದವನೇ ನಾನು.

ಅಧಿಕಾರಿ ಬಟ್ಟೆ ಸರಿಸಿದರು. ಮೇಲೆ ನೋಡಿ, ತಲೆಯಾಡಿಸಿ, ಧ್ವನಿವರ್ಧಕದಲ್ಲಿ ಹೇಳಿದರು: "ನೋಡಿ ಮಕ್ಕಳೇ, ಎಷ್ಟು ಕರಾರುವಾಕ್ಕಾದ ಮೂರು ಸಮಪಾಲು! ಇದೇ ವಿಜ್ಞಾನ."

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ, ಅಕ್ಕಿ ಗಿರಣಿಯ ಸಮ್ಸಿಯಾರನ ಮಗಳು ಮುರ್ನಿ, ಅಲ್ಲಿಂದಲೇ ಹೇಳಿದಳು:

"ಸಮ ಎಲ್ಲಿದೆ ಪಾಕ್? ನಡುವಿನದು ದೊಡ್ಡದಲ್ವಾ!"

ಹೆಡ್‌ಮಾಸ್ಟರು ಓಡಿಬಂದು ಅವಳ ಭುಜ ಹಿಡಿದರು. "ಶ್! ದೊಡ್ಡವ್ರು ಮಾತಾಡ್ತಿದಾರೆ, ಕಾಣಲ್ವಾ? ಕೂತ್ಕೋ!" ಆ ಮಗುವಿನ ಮುಖ ಬಾಡಿಹೋಯಿತು. ನೆಲ ನೋಡಲು ಶುರುಮಾಡಿತು.

ಆ ನೋಟವನ್ನು ನಾನು ಸಹಿಸಲಾರದೆ ಹೋದೆ. ಹೇಗೆ ಎದ್ದೆನೋ ಗೊತ್ತಿಲ್ಲ, ಎದ್ದು ನಿಂತಿದ್ದೆ.

"ಬಿಡ್ರೀ ಮಗೂನ! ಅವಳು ಹೇಳಿದ್ದೇ ಸರಿ. ತಪ್ಪು ನಂದು. ಈ ಚಿತ್ರ ತಪ್ಪು, ಇದನ್ನ ಬರೆದವನು ನಾನು, ಇದು ತಪ್ಪು ಅಂತ ನನಗೆ ಹೇಳಿದವಳು ನನ್ನ ತಂಗಿ ಮಗಳು. ಮುರ್ನಿ, ಮೇಲೆ ಬಾ. ನಡುವಿನದು ದೊಡ್ಡದು ಅಂದೆಯಲ್ಲ, ಯಾಕೆ ಅಂತಾನೂ ಹೇಳ್ತೀಯಾ?"

"ಯಾಕೆ ಅಂತ ಗೊತ್ತಿಲ್ಲ ದಾತುಕ್. ದೊಡ್ಡದು ಅಂತ ಮಾತ್ರ ಗೊತ್ತು."

"ಗೊತ್ತಿರೋದನ್ನ ಹೇಳಿದೆಯಲ್ಲ, ಅಷ್ಟು ಸಾಕು. ಯಾಕೆ ಅಂತ ಇಬ್ಬರೂ ಸೇರಿ ನೋಡೋಣ."

ಹಾಜಿ ತಾಹರನೇ ಎಲ್ಲಿಂದಲೋ ಹಗ್ಗ ತಂದ. ಮುರ್ನಿ ಒಂದು ತುದಿ ಹಿಡಿದಳು, ಅಧಿಕಾರಿಯ ಕೈಗೆ ಇನ್ನೊಂದು ತುದಿ ಕೊಟ್ಟೆ, ಪಾಪ, ಅವರು ಮರುಮಾತಾಡದೆ ಹಿಡಿದು ನಿಂತರು. ಹತ್ತಿರ, ದೂರ ಎಂದು ನೀನು ಬರೆದಿದ್ದೆಯಲ್ಲ, ಅದನ್ನೇ ನೆಲದ ಮೇಲೆ ನಡೆದು ತೋರಿಸಿದೆ. ಮಕ್ಕಳೆಲ್ಲ ಸಾಲು ಬಿಟ್ಟು ಬಂದು ಮುತ್ತಿಕೊಂಡರು. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಪಾಠ ನಾನು ಮಾಡಿರಲಿಲ್ಲ. ಕೊನೆಗೆ ಹಾಜಿ ನನ್ನ ಪಕ್ಕಕ್ಕೆ ಬಂದು, "ಕಣ್ಣಿನ ಪೊರೆ ತೆಗೆಸೋಕೆ ಪೇಟೆಗೆ ಹೋಗೋದು ಬೇಡ ಅಲ್ವಾ ದಾತುಕ್?" ಎಂದ. ಅವನ ಕಾಫಿಗೆ ಅಂದಿನಿಂದ ನಾನೇ ಸಕ್ಕರೆ ಬೆರೆಸುತ್ತಿದ್ದೇನೆ.

ಚಿತ್ರವನ್ನು ಕೀಳಿಸಲಿಲ್ಲ. ಅದು ಅಲ್ಲೇ ಇರಲಿ ಎಂದು ಮಕ್ಕಳೇ ಹಟ ಹಿಡಿದರು. ನನ್ನ ಹೆಸರೂ ಇರಲಿ ಎಂದೆ ನಾನು. ಕೆಳಗೆ ಮಾತ್ರ ಒಂದು ಸಾಲು ಸೇರಿಸಿದ್ದೇವೆ: "ಇದರಲ್ಲಿ ತಪ್ಪಿದೆ. ಕಂಡವರು ಗಟ್ಟಿಯಾಗಿ ಹೇಳಿ." ಬೆಳಗ್ಗೆ ಸ್ಕೂಲು ಶುರುವಾಗುವ ಹೊತ್ತಿಗೆ ಆ ಕಡೆ ಹೋಗಿ ಬರುವುದು ಈಗ ನನ್ನ ಅಭ್ಯಾಸ. ಒಂದೇ ಗದ್ದಲ. ಹೆಡ್‌ಮಾಸ್ಟರು ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಕಣ್ಣು ತುಂಬಿ ಬರುತ್ತದೆ.

ಇನ್ನೇನು ಉಪವಾಸದ ತಿಂಗಳು ಬಂತು. ಹಬ್ಬಕ್ಕೆ ನೀನು ಬರಲೇಬೇಕು, ತಿಯುರ್ಮಾಳಿಗೆ ರಜೆಯಿದ್ದರೆ ಅವಳನ್ನೂ ಕರೆದುಕೊಂಡು ಬಾ, ನಮ್ಮ ಊರವರು ಸ್ವಲ್ಪ ಬೆಂಕಿ ಬೆಂಕಿ ಎಂದು ಕೂಗುವುದನ್ನು ಕಲಿಯಲಿ. ಕೆಲವು ಕೋನಗಳನ್ನು ಮೂರು ಮಾಡಲು ಆಗುವುದೇ ಇಲ್ಲ ಎಂದು ಸಾಧಿಸಿದ್ದಾರೆ ಎಂದೆಯಲ್ಲ. ಆಗಲಿಲ್ಲ ಎನ್ನುವುದು ಬೇರೆ, ಆಗುವುದೇ ಇಲ್ಲ ಎನ್ನುವುದು ಬೇರೆ. ಅದನ್ನು ಹೇಗೆ ತೋರಿಸುತ್ತಾರೋ ನನಗೆ ಗೊತ್ತಿಲ್ಲ, ಮೂವರು ಮೇಷ್ಟರುಗಳನ್ನು ಕೇಳಿದೆ, ಅವರಿಗೂ ಗೊತ್ತಿಲ್ಲ. ನೀನು ಕಲಿತು ಬಂದು ನನಗೆ ಹೇಳಿಕೊಡು. ಮೊದಲ ದಿನವೇ ಅರ್ಥವಾಗುತ್ತದೆ ಎಂಬ ಭರವಸೆ ನನಗಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎಂದೇ ಹೇಳುತ್ತೇನೆ, ನೀನು ಮತ್ತೆ ಮೊದಲಿನಿಂದ ಹೇಳಬೇಕು.

ನಿನ್ನ ಮಾವ